ವಾಲಗವೆಂಬ ಹೆಸರು

ರೂಪ ಬದಲಾದರೂ ಹೆಸರು ಉಳಿಯುವುದುಂಟು; ರೂಪದೊಡನೆ ಹೆಸರೂ ಬದಲಾಗುವುದುಂಟು. ವಾದ್ಯಗಳ ಚರಿತ್ರೆಯಲ್ಲಿ ಎರಡಕ್ಕೂ ನಿದರ್ಶನಗಳಿವೆ.

ಗಿಟಾರನ್ನೇ ನೋಡಿ. ಅಮೆರಿಕದ ಮಾರ್ಟಿನ್ ಕಂಪನಿ 1916ರಲ್ಲಿ ತಯಾರಿಸಿದ ದೊಡ್ಡ ಮೈಯ ಗಿಟಾರಿಗೆ ‘ಡ್ರೆಡ್‌ನಾಟ್’ ಎಂಬ ಬ್ರಿಟಿಷ್ ಯುದ್ಧನೌಕೆಯ ಹೆಸರು ಬಂದಿತು. ನಮ್ಮ ದೇಶದಲ್ಲಿ ವಿಶ್ವಮೋಹನ ಭಟ್ಟರು ಗಿಟಾರಿಗೆ ತರಬಿನ ತಂತಿಗಳನ್ನು ಸೇರಿಸಿ, ಅದನ್ನು ಮೋಹನವೀಣೆಯೆಂದು ಕರೆದರು.

ಎಲ್ಲೂರು, ಕಾಪು, ಕಾರ್ಕಳಗಳ ಸುತ್ತಿನ ಉತ್ಸವಗಳಲ್ಲಿ, ಮದುವೆಯ ಚಪ್ಪರಗಳಲ್ಲಿ ನಡೆದ ಮಾರ್ಪಾಡು ಬೇರೆ ಬಗೆಯದು. ನಾಗಸ್ವರವಿದ್ದ ಎಡೆಯಲ್ಲಿ ಇಂದು ನನ್ನ ಕಿವಿಗೆ ಹೆಚ್ಚಾಗಿ ಬೀಳುವುದು ಸ್ಯಾಕ್ಸೊಫೋನಿನ ನಾದ. ಆದರೂ ಹಿರಿಯರ ಬಾಯಲ್ಲಿ ಅದು ವಾಲಗವೇ.

ಬೆಲ್ಜಿಯಮಿನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಇದಕ್ಕೆ ಪೇಟೆಂಟು ಪಡೆದು, ತನ್ನ ಹೆಸರನ್ನೇ ಇಟ್ಟನು. ಸೊಪ್ರಾನೊ, ಆಲ್ಟೊ, ಟೆನರ್, ಬ್ಯಾರಿಟೋನ್ ಎಂದು ಪ್ರಭೇದಗಳನ್ನು ಹೆಸರಿಸಿದುದು ಮನುಷ್ಯಕಂಠದ ವರ್ಗಗಳನ್ನು ಅನುಸರಿಸಿ. ಅವನು ಎರಡು ಬಳಗಗಳನ್ನು ಕಲ್ಪಿಸಿದ್ದನು: ವಾದ್ಯವೃಂದಕ್ಕೊಂದು, ಸೈನ್ಯದ ಬ್ಯಾಂಡಿಗೊಂದು. ಮೊದಲನೆಯದು ಬಹುಮಟ್ಟಿಗೆ ಮರೆಯಾಯಿತು, ಬ್ಯಾಂಡಿನದು ಬಾಳಿತು. ಹೆಬ್ಬೆರಳಿಗೆ ಮೊದಲು ಎರಡಿದ್ದ ಸ್ಥಾಯಿಯ ಕೀಲಿಗಳು ಮುಂದೆ ಒಂದಾದುವು.

ಇದು ನಮ್ಮ ಸಂಗೀತಕ್ಕೆ ಒಗ್ಗಿದುದು ಸುಲಭವಾಗಿ ಅಲ್ಲ. ನಾಗಸ್ವರದಲ್ಲಿ ಬೆರಳು ರಂಧ್ರವನ್ನೇ ಮುಟ್ಟುತ್ತದೆ. ಅರೆ ಮುಚ್ಚಿ, ಅರೆ ತೆರೆದು ಗಮಕವನ್ನು ಮೂಡಿಸಬಹುದು. ಸ್ಯಾಕ್ಸೊಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿಯಿದೆ. ಬಂಟ್ವಾಳದ ಬಳಿಯ ಸಜಿಪಮೂಡದಲ್ಲಿ 1949ರಲ್ಲಿ ನಾಗಸ್ವರ ವಿದ್ವಾಂಸರ ಮಗನಾಗಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಇದನ್ನು ಕೇಳಿ ಮಾರುಹೋದರು. ವಾದ್ಯವನ್ನು ತಮ್ಮ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸಿ, ಉಸಿರನ್ನು ಹದಗೊಳಿಸಿ, ಅದರಿಂದ ರಾಗವನ್ನು ಹೊರಡಿಸಿದರು. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮ್ಸ್ ಉತ್ಸವದಲ್ಲಿಯೂ ನುಡಿಸಿದರು. 2019ರಲ್ಲಿ ಅವರು ತೀರಿಕೊಂಡಾಗ, ಈ ಪರದೇಶಿ ವಾದ್ಯ ತುಳುನಾಡಿನ ಮನೆಮಗುವಾಗಿತ್ತು. ಆದರೂ ಭಟ್ಟರಂತೆ ಅವರು ಹೊಸ ಹೆಸರನ್ನು ಇಡಲಿಲ್ಲ.

ಹೆಸರಿನ ಕೊರತೆಯನ್ನು ತುಂಬಿದುದು ಜನರ ನುಡಿ. ವಾಲಗವೆಂಬುದು ಓಲಗದ ರೂಪಾಂತರ. ಓಲಗವೆಂದರೆ ರಾಜಸಭೆ, ಸೇವೆ. ಆ ಮಾತು ವಾದ್ಯದ ಆಕಾರವನ್ನಲ್ಲ, ಅದು ಸಲ್ಲಿಸುವ ಸೇವೆಯನ್ನು ಹೆಸರಿಸುತ್ತದೆ. ಆದುದರಿಂದಲೇ ಮರದ ಕೊಳವೆ ಹೋಗಿ ಹಿತ್ತಾಳೆಯದು ಬಂದರೂ ಮಾತು ಕದಲಲಿಲ್ಲ.

ಇದರಲ್ಲಿ ಒಂದು ನಷ್ಟವೂ ಅಡಗಿದೆ. ಹೆಸರು ಉಳಿದುದರಿಂದ ನಾಗಸ್ವರ ಹಿಂದೆ ಸರಿದುದು ನಮ್ಮ ಅರಿವಿಗೆ ಬರಲೇ ಇಲ್ಲ. ವಾಲಗ ಕೇಳಿ ಓಡಿಬರುವ ಮಗುವಿಗೆ ಒಮ್ಮೆಯಾದರೂ ಆ ಮರದ ವಾದ್ಯವನ್ನು ತೋರಿಸುವುದು, ಅದರ ನಾದವನ್ನು ಕೇಳಿಸುವುದು ನಮ್ಮ ಹೊಣೆಯಲ್ಲವೆ?