ಅರವತ್ತಾರರಲ್ಲಿ ಕಸುವು ಬರುತ್ತದೆಯೇ?

ಪ್ರಶ್ನೆ: ನನಗೆ 66. ತೂಕ ಇಳಿಸಲು ರಾತ್ರಿ ಊಟ ಬಿಟ್ಟಿದ್ದೇನೆ. ಈ ವಯಸ್ಸಿನಲ್ಲಿ ಮೈಗೆ ಕಸುವು ಬರುತ್ತದೆಯೇ?

ಉತ್ತರ: ಖಂಡಿತ ಬರುತ್ತದೆ. ಅಮೆರಿಕದ ಬಾಸ್ಟನ್ನಿನಲ್ಲಿ ತೊಂಬತ್ತರ ಆಸುಪಾಸಿನ ಹಿರಿಯರು 8 ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿದರು. 1990ರಲ್ಲಿ ವೈದ್ಯೆ ಮರಿಯಾ ಫಿಯಾಟರೋನ್ ಪ್ರಕಟಿಸಿದ ಆ ಅಧ್ಯಯನದಲ್ಲಿ ಅವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು. ಇಬ್ಬರು ಊರುಗೋಲನ್ನೇ ಬಿಟ್ಟರು!

ನಿಮ್ಮ ಉಪವಾಸದ್ದೇ ನನಗೆ ಆತಂಕ. ಬರೀ ಊಟ ಬಿಟ್ಟರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಅನ್ನ ಕಡಿಮೆ ಮಾಡಿ, ಹೆಸರುಕಾಳಿನ ಉಸಲಿ, ಮೊಸರು ತಿನ್ನಿ. ಜೊತೆಗೆ ಕಾಲಿನ ಬಲಕ್ಕೆ, ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ ಕೈ ಊರದೆ ಏಳಿ. ಕೂರುವಾಗ ದೊಪ್ಪನೆ ಬೀಳದೆ, ಮನಸ್ಸಿನಲ್ಲೇ ನಾಲ್ಕು ಎಣಿಸುತ್ತ ಇಳಿಯಿರಿ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತ ರಾತ್ರಿ ಊಟ ಬಿಟ್ಟಿದ್ದರೆ ಇವತ್ತೇ ವೈದ್ಯರನ್ನು ಕಾಣಿ.