ದವಾಖಾನೆ ಬದಲಾಗುವ ಮುನ್ನ ಯಾರನ್ನು ಕೇಳಬೇಕು?

ದಿನಕ್ಕೆ 5,000 ಟನ್ನಿಗಿಂತ ಹೆಚ್ಚು ಕಬ್ಬು ಅರೆಯುವ ಸಕ್ಕರೆ ಕಾರ್ಖಾನೆಯೊಂದನ್ನು ಮಲಪ್ರಭೆಯ ದಂಡೆಯಲ್ಲಿ ಹೊಸದಾಗಿ ಕಟ್ಟಬೇಕೆಂದರೆ ಕಾರ್ಖಾನೆಯವರು ಸಾಮಾನ್ಯವಾಗಿ ಊರಿನವರ ಮುಂದೆ ನಿಂತು ಉತ್ತರ ಕೊಡಬೇಕಾಗುತ್ತದೆ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆ ಹಾಗೆ ಹೇಳುತ್ತದೆ. ಕನಿಷ್ಠ 30 ದಿನ ಮೊದಲು ಕನ್ನಡ ಪತ್ರಿಕೆಯಲ್ಲೂ ಪ್ರಕಟಣೆ ಬರಬೇಕು, ಯೋಜನೆಯ ಸಾರಾಂಶ ಜನರ ಭಾಷೆಯಲ್ಲಿ ಸಿಗಬೇಕು, ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿಯೊಬ್ಬರು ಸಭೆ ನಡೆಸಬೇಕು, ಯಾರು ಏನು ಹೇಳಿದರೆಂಬುದನ್ನು ಚಿತ್ರೀಕರಿಸಿ ಇಡಬೇಕು. ಅದೇ ಮಲಪ್ರಭೆಯ ದಂಡೆಯ ತಾಲೂಕುಗಳಲ್ಲಿ ಸರಕಾರಿ ದವಾಖಾನೆಯ ಹೆರಿಗೆ ತಜ್ಞೆಯನ್ನು ಬೇರೆಡೆಗೆ ಕಳಿಸಲು, ರಾತ್ರಿಯ ಶಸ್ತ್ರಚಿಕಿತ್ಸೆ ನಿಲ್ಲಿಸಲು, ರಕ್ತ ಸಂಗ್ರಹ ಘಟಕವನ್ನು ಪಕ್ಕದ ಊರಿಗೆ ಒಯ್ಯಲು ಇಂಥ ಯಾವ ಕಟ್ಟಳೆಯೂ ಇಲ್ಲ. ಒಂದು ಆದೇಶ ಸಾಕು. ಚಿಮಣಿಯ ಹೊಗೆಗೆ ಇರುವ ಅಹವಾಲಿನ ಹಕ್ಕು ಬಾಣಂತಿಯ ಜೀವಕ್ಕೆ ಇಲ್ಲದಿರುವುದು ವಿಚಿತ್ರ. ಈ ಅಧ್ಯಾಯದ ವಾದ ಸರಳ: ಆಸ್ಪತ್ರೆಯ ಸೇವೆ ಬದಲಿಸುವ ಮುನ್ನ ಜನರನ್ನು ಕೇಳುವುದು ಅವರಿಗೆ ತೋರಿಸುವ ದಾಕ್ಷಿಣ್ಯದ ಮಾತಲ್ಲ. ಕೇಳದಿದ್ದರೆ ಆರೋಗ್ಯ ಇಲಾಖೆಯ ಲೆಕ್ಕವೇ ತಪ್ಪುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ನಕ್ಷೆಯನ್ನು ಎದುರಿಗಿಟ್ಟುಕೊಂಡರೆ ಅದು ಹೇಗೆಂಬುದು ಗೊತ್ತಾಗುತ್ತದೆ.

ಮೊದಲು ಇಲಾಖೆಯ ಮಾತನ್ನು ಅದರ ಪೂರ್ಣ ಬಲದಲ್ಲಿ ಕೇಳೋಣ. ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡಗಳ ಪ್ರಕಾರ ಬಯಲು ಸೀಮೆಯಲ್ಲಿ 30,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನರಿಗೊಂದು ಸಮುದಾಯ ಆರೋಗ್ಯ ಕೇಂದ್ರ ಇರಬೇಕು. ಸಮುದಾಯ ಕೇಂದ್ರಕ್ಕೆ 30 ಹಾಸಿಗೆ. ಅದರ ಮೇಲೆ ತಾಲೂಕು ಆಸ್ಪತ್ರೆ. ಸಮುದಾಯ ಕೇಂದ್ರವೆಂದರೆ ಶಸ್ತ್ರವೈದ್ಯ, ಹೆರಿಗೆ ತಜ್ಞ, ಮಕ್ಕಳ ತಜ್ಞ, ವೈದ್ಯ ತಜ್ಞ ಇರುವ ಜಾಗ ಎಂದು ಕಾಗದ ಹೇಳುತ್ತದೆ. ಆದರೆ 2021–22ರ ಗ್ರಾಮೀಣ ಆರೋಗ್ಯ ಅಂಕಿಅಂಶದಲ್ಲಿ ದೇಶದ ಗ್ರಾಮೀಣ ಸಮುದಾಯ ಕೇಂದ್ರಗಳಿಗೆ ಬೇಕಾದ ತಜ್ಞರ ಪೈಕಿ ಸುಮಾರು ಐದರಲ್ಲಿ ನಾಲ್ಕು ಪಾಲು ಕೊರತೆಯೇ ಕಾಣುತ್ತದೆ. ಸಿಸೇರಿಯನ್ ಹೆರಿಗೆ ಒಬ್ಬರ ಕೈಕೆಲಸವೂ ಅಲ್ಲ. ಹೆರಿಗೆ ತಜ್ಞೆ ಇದ್ದು ಅರಿವಳಿಕೆ ವೈದ್ಯರಿಲ್ಲದಿದ್ದರೆ ಚಾಕು ಮುಟ್ಟುವಂತಿಲ್ಲ. ಇಬ್ಬರೂ ಇದ್ದು ರಕ್ತವಿಲ್ಲದಿದ್ದರೆ ಮುಟ್ಟಬಾರದು. ಮೂರು ಊರಿಗೆ ಒಬ್ಬೊಬ್ಬರಂತೆ ಹಂಚಿದ ಮೂವರು ತಜ್ಞರಿಂದ ಒಂದೂ ಜೀವ ಉಳಿಯದಿರಬಹುದು. ಅದೇ ಮೂವರು ಒಂದೇ ಸೂರಿನಡಿ ಇದ್ದರೆ ಹಗಲೂ ರಾತ್ರಿ ಕೆಲಸ ಸಾಗುತ್ತದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸಾಲುಸಾಲಾಗಿ ತೀರಿಕೊಂಡ ಮೇಲೆ ರಾಜ್ಯದಲ್ಲಿ ತಾಯಂದಿರ ಆರೈಕೆಯ ಚರ್ಚೆ ಬಿರುಸಾಯಿತು, ತಾಲೂಕು ಆಸ್ಪತ್ರೆಗಳನ್ನು ಗಟ್ಟಿ ಮಾಡಬೇಕೆಂಬ ಮಾತಿಗೂ ಬಲ ಬಂತು. ಸೇವೆಯನ್ನು ಒಂದೆಡೆ ಕೂಡಿಸುವ ಯೋಚನೆಯಲ್ಲಿ ಹುರುಳಿದೆ. ಅದನ್ನು ಬರೀ ಸರಕಾರದ ಸಂಚು ಎಂದು ತಳ್ಳಿಹಾಕುವವರು ವೈದ್ಯಕೀಯದ ಮೂಲ ಗಣಿತವನ್ನೇ ಬಿಟ್ಟು ಮಾತಾಡುತ್ತಾರೆ.

ತೊಡಕು ಶುರುವಾಗುವುದು ಎಲ್ಲಿ ಕೂಡಿಸಬೇಕು ಎಂಬಲ್ಲಿ. ಈ ಭಾಗದ ಆಡಳಿತವೆಲ್ಲ ಮುಖ ಮಾಡಿರುವುದು ಬೆಳಗಾವಿಯ ಕಡೆಗೆ. ಜಿಲ್ಲಾಸ್ಪತ್ರೆ, ಜಿಲ್ಲಾ ಆರೋಗ್ಯಾಧಿಕಾರಿಯ ಕಚೇರಿ, ಕಡತ, ಲೆಕ್ಕ ಎಲ್ಲ ಅಲ್ಲಿಯೇ. ರಸ್ತೆಗಳು ಮಾತ್ರ ಬೇರೆ ಮಾತು ಹೇಳುತ್ತವೆ. ರಾಷ್ಟ್ರೀಯ ಹೆದ್ದಾರಿಯ ಮೇಲಿರುವ ಕಿತ್ತೂರಿಗೆ ಬೆಳಗಾವಿಗಿಂತ ಧಾರವಾಡ ಹತ್ತಿರ. ಸವದತ್ತಿಗೂ ಹಾಗೆಯೇ, ಅಲ್ಲಿಯ ಜನ ದೊಡ್ಡ ಕಾಯಿಲೆಗೆ ಧಾರವಾಡ, ಹುಬ್ಬಳ್ಳಿಯ ದಾರಿ ಹಿಡಿಯುವುದು ಸಹಜ. ಬೆಳಗಾವಿಯಿಂದ ಸುಮಾರು 100 ಕಿಲೋಮೀಟರ್ ದೂರದ ರಾಮದುರ್ಗಕ್ಕೆ ಬಾಗಲಕೋಟೆ ಅದಕ್ಕಿಂತ ಸಮೀಪ. ನಾಲ್ಕು ಊರುಗಳಲ್ಲಿ ಬೆಳಗಾವಿಯನ್ನೇ ಸಹಜವಾಗಿ ನೆಚ್ಚುವುದು ಬೈಲಹೊಂಗಲವೊಂದೇ ಎನ್ನಬಹುದು. ಹೀಗಿರುವಾಗ ಉಪವಿಭಾಗದ ಕೇಂದ್ರ ಬೈಲಹೊಂಗಲವಾದ್ದರಿಂದ ತಜ್ಞರೂ ಅಲ್ಲಿಯೇ ಇರಲಿ ಎಂದು ಯಾರಾದರೂ ತೀರ್ಮಾನಿಸಿದರೆ, ಕಂದಾಯಕ್ಕೆ ಸರಿಹೊಂದುವ ಗೆರೆಯನ್ನು ಹೆರಿಗೆ ನೋವಿಗೂ ಎಳೆದಂತಾಗುತ್ತದೆ. ರಾಮದುರ್ಗದ ಗರ್ಭಿಣಿಯನ್ನು ‘ಮುಂದಕ್ಕ ಒಯ್ರಿ’ ಎಂದಾಗ ಆ ಮುಂದೆ ಎಂಬುದು ಪಶ್ಚಿಮಕ್ಕಿದೆಯೋ ಪೂರ್ವಕ್ಕಿದೆಯೋ ಎಂಬುದನ್ನು ಮನೆಯವರು ಮೊದಲೇ ತೀರ್ಮಾನಿಸಿರುತ್ತಾರೆ. ಆ ತೀರ್ಮಾನ ಕಡತಕ್ಕೆ ಗೊತ್ತಿರುವುದಿಲ್ಲ.

ಹೆರಿಗೆಯ ಎಣಿಕೆಯಲ್ಲೂ ಇಂಥದೇ ಕುರುಡುತನವಿದೆ. ಆಸ್ಪತ್ರೆಯ ವರದಿ ಹೆರಿಗೆ ಎಲ್ಲಿ ಆಯಿತೋ ಅಲ್ಲಿ ಲೆಕ್ಕ ಹಿಡಿಯುತ್ತದೆ. ಕಿತ್ತೂರು ತಾಲೂಕಿನ ಹೆಂಗಸು ಧಾರವಾಡದಲ್ಲಿ ಹೆತ್ತರೆ ಅದು ಧಾರವಾಡದ ಅಂಕಿ. ಕಿತ್ತೂರಿನ ಪುಸ್ತಕದಲ್ಲಿ ಒಂದು ಕಡಿಮೆ. ಅರಿವಳಿಕೆ ವೈದ್ಯರಿಲ್ಲವೆಂದು ಜನ ಬರುವುದಿಲ್ಲ, ಜನ ಬರುವುದಿಲ್ಲವೆಂದು ಉಳಿದ ತಜ್ಞರನ್ನೂ ಒಯ್ಯಲಾಗುತ್ತದೆ. ಕಾರಣವೂ ಪರಿಣಾಮವೂ ಒಂದರ ಬಾಲವನ್ನೊಂದು ಕಚ್ಚಿಕೊಂಡು ಸುತ್ತುತ್ತಿರುತ್ತವೆ. ಸಂಖ್ಯೆ ಕಡಿಮೆ ಎಂಬುದು ಬೇಡಿಕೆ ಇಲ್ಲದ್ದರ ಗುರುತೋ, ಸೇವೆ ಇಲ್ಲದ್ದರ ಗುರುತೋ? ಸಂಖ್ಯೆಯನ್ನೇ ಎಷ್ಟು ಹೊತ್ತು ದಿಟ್ಟಿಸಿದರೂ ಇದಕ್ಕೆ ಉತ್ತರ ಸಿಗದು. ಇದರ ಮೇಲೆ ತವರಿನ ಬಾಣಂತನ ಬೇರೆ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದು ಇಲ್ಲಿಯ ರೂಢಿ. ಗಂಡನ ಊರಿನ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಹೆಸರು ಬರೆಸಿದವಳು ನೋವು ತಿನ್ನುವ ದಿನ ಇನ್ನೊಂದು ತಾಲೂಕಿನಲ್ಲಿರುತ್ತಾಳೆ. ಜನಸಂಖ್ಯೆಯನ್ನು 1,20,000ದಿಂದ ಭಾಗಿಸುವ ಯೋಜನೆಗೆ ಈ ಓಡಾಟ ಕಾಣುವುದಿಲ್ಲ. ಊರಿನ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾಳೆ.

ಸವದತ್ತಿಯ ಲೆಕ್ಕವಂತೂ ಕಾಲಕ್ಕೆ ತಕ್ಕಂತೆ ಉಬ್ಬಿ ಇಳಿಯುತ್ತದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಕರ್ನಾಟಕ, ಮಹಾರಾಷ್ಟ್ರ, ಗೋವೆಗಳಿಂದ ಲಕ್ಷಗಟ್ಟಲೆ ಜನ ಸೇರುತ್ತಾರೆ. ಚಕ್ಕಡಿ, ಟ್ರ್ಯಾಕ್ಟರ್, ಬಸ್ಸು, ಕಾಲ್ನಡಿಗೆ, ಎಲ್ಲ ಬಗೆಯಲ್ಲೂ. ಎದೆನೋವು, ವಾಂತಿಭೇದಿ, ರಸ್ತೆ ಅಪಘಾತ, ದಾರಿಯಲ್ಲೇ ನೋವು ಕಾಣಿಸಿಕೊಂಡ ಗರ್ಭಿಣಿ, ಇವೆಲ್ಲ ಜನಗಣತಿಯ ಸವದತ್ತಿಗೆ ಸೇರಿದವಲ್ಲ, ಆದರೂ ದವಾಖಾನೆಯ ಬಾಗಿಲಿಗೆ ಬರುತ್ತವೆ. ನದಿಯ ಕಥೆ ಇನ್ನೊಂದು. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಹರಿದ ನೀರು ಮುನವಳ್ಳಿಯನ್ನೂ ರಾಮದುರ್ಗದ ತಗ್ಗು ಭಾಗಗಳನ್ನೂ ಹೊಕ್ಕಿತು. ಸೇತುವೆ ಮುಳುಗಿದಾಗ 20 ಕಿಲೋಮೀಟರಿನ ದಾರಿ ಎಷ್ಟು ದೂರವಾಗುತ್ತದೆಂಬುದು ಆಚೆ ದಂಡೆಯ ಊರಿನವರಿಗೇ ಗೊತ್ತು. ಕಬ್ಬಿನ ಹಂಗಾಮಿನಲ್ಲಿ ಲಾರಿ, ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಆಂಬುಲೆನ್ಸ್ ತೆವಳಬೇಕಾಗುತ್ತದೆ. ಕರ್ನಾಟಕದಲ್ಲಿ 108 ಸೇವೆ ಶುರುವಾದದ್ದು 2008ರ ನವೆಂಬರ್ 1ರಂದು. ಅದು ದೂರವನ್ನು ಕುಗ್ಗಿಸಿದ್ದು ನಿಜ. ಆದರೂ ವಾಪಸು ಬರುವವರಿಗೆ 108 ಇಲ್ಲ. ಬಾಣಂತಿಯ ಜೊತೆಗಿರುವವಳು ಬುತ್ತಿ ತರಲು, ಮನೆಯಲ್ಲಿ ಬಿಟ್ಟುಬಂದ ಕೂಸನ್ನು ನೋಡಲು ನೆಚ್ಚಬೇಕಾದದ್ದು ವಸ್ತಿ ಬಸ್ಸನ್ನು, ಇಲ್ಲವೇ ಟಂಟಂ ಗಾಡಿಯನ್ನು.

1994ರಲ್ಲಿ ಥಡಿಯಸ್ ಮತ್ತು ಮೇನ್ ಎಂಬಿಬ್ಬರು ಸಂಶೋಧಕರು ತಾಯಂದಿರ ಸಾವಿನ ಹಿಂದಿನ ವಿಳಂಬಗಳನ್ನು ಮೂರಾಗಿ ವಿಂಗಡಿಸಿದರು: ಹೋಗೋಣವೆಂದು ಮನೆಯಲ್ಲಿ ನಿರ್ಧರಿಸುವಾಗಿನ ತಡ, ಆಸ್ಪತ್ರೆ ಮುಟ್ಟುವ ತಡ, ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವ ತಡ. ಸೇವೆಯನ್ನು ಒಂದೆಡೆ ಕೂಡಿಸಿದರೆ ಮೂರನೆಯ ತಡ ಕಡಿಮೆಯಾಗುತ್ತದೆ, ಎರಡನೆಯದು ಬೆಳೆಯುತ್ತದೆ, ಎರಡನೆಯದಕ್ಕೆ ಹೆದರಿ ಮೊದಲನೆಯದೂ ಬೆಳೆಯುತ್ತದೆ. ಮೂರನೆಯದನ್ನು ಅಳೆಯಲು ವೈದ್ಯರು ಬೇಕು. ಮೊದಲ ಎರಡನ್ನು ಅಳೆಯುವ ಕೋಲು ಇರುವುದು ಊರಿನಲ್ಲಿ.

ಇದಕ್ಕೆಲ್ಲ ಸಮಿತಿಗಳು ಆಗಲೇ ಇವೆಯಲ್ಲ ಎಂದು ಅಧಿಕಾರಿಗಳು ಹೇಳಬಹುದು. ಇವೆ. ಸಂವಿಧಾನದ 11ನೇ ಅನುಸೂಚಿಯ 23ನೇ ಬಾಬತ್ತೇ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಔಷಧಾಲಯಗಳನ್ನು ಪಂಚಾಯತಿಗೆ ವಹಿಸಬಹುದಾದ ವಿಷಯಗಳಲ್ಲಿ ಸೇರಿಸಿದೆ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಹಳ್ಳಿಗೊಂದು ಆರೋಗ್ಯ ಸಮಿತಿಯನ್ನೂ ಆಸ್ಪತ್ರೆಗೊಂದು ಆರೋಗ್ಯ ರಕ್ಷಾ ಸಮಿತಿಯನ್ನೂ ಕೊಟ್ಟಿತು. ಈ ಎರಡನೆಯದರ ಹುಟ್ಟು ಸ್ವಾರಸ್ಯದ್ದು. ಸೂರತ್ತಿನ ಪ್ಲೇಗಿನ ಭಯ ಹಬ್ಬಿದ್ದ 1994ರಲ್ಲಿ ಇಂದೋರಿನ ಮಹಾರಾಜಾ ಯಶವಂತರಾವ್ ಆಸ್ಪತ್ರೆಯ ಇಲಿಗಳನ್ನು ತೊಲಗಿಸಲು ಊರಿನವರೆಲ್ಲ ಕೈಜೋಡಿಸಿದರು. ಆ ಅನುಭವದಿಂದ ರೋಗಿ ಕಲ್ಯಾಣ ಸಮಿತಿ ಎಂಬ ವ್ಯವಸ್ಥೆ ಮೂಡಿ ದೇಶಕ್ಕೆಲ್ಲ ಹರಡಿತು. ಹುಟ್ಟಿನ ಗುಣ ಅದನ್ನು ಬಿಟ್ಟಿಲ್ಲ. ಸ್ವಚ್ಛತೆ, ಹಾಸಿಗೆ, ಸುಣ್ಣಬಣ್ಣ, ಬಳಕೆದಾರರ ಶುಲ್ಕ, ಇಷ್ಟನ್ನು ನಿಭಾಯಿಸಲು ಅದು ತಕ್ಕುದು. ಯಾವ ಸೇವೆ ಇರಬೇಕು, ಯಾವುದು ಹೋಗಬೇಕು ಎಂಬ ಪ್ರಶ್ನೆ ಅದರ ಮುಂದೆ ಬರುವುದಿಲ್ಲ. ಬಂದರೂ ಅದರಲ್ಲಿ ಕೂತವರು ಬಹುಪಾಲು ಅಧಿಕಾರಿಗಳು, ಜನಪ್ರತಿನಿಧಿಗಳು. ಹಳ್ಳಿಯ ಸಮಿತಿಗೆ ವರ್ಷಕ್ಕೆ 10,000 ರೂಪಾಯಿಯ ಮುಕ್ತ ನಿಧಿ ಇದೆ, ತಾಲೂಕು ಆಸ್ಪತ್ರೆಯ ತನಕ ಕೇಳಿಸುವ ದನಿ ಇಲ್ಲ. ಹೆಚ್ಚು ಹರಿತವಾದ ಆಯುಧ ಇರುವುದು ಬೇರೆ ಕಡೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಸಿ) ಮತ್ತು (ಡಿ) ಕಲಮುಗಳ ಪ್ರಕಾರ, ಜನರನ್ನು ತಟ್ಟುವ ಮುಖ್ಯ ನಿರ್ಧಾರದ ಸಂಗತಿಗಳನ್ನು ಯಾರೂ ಅರ್ಜಿ ಹಾಕದಿದ್ದರೂ ಪ್ರಕಟಿಸಬೇಕು, ಆಡಳಿತದ ನಿರ್ಧಾರಕ್ಕೆ ಕಾರಣವನ್ನು ಬಾಧಿತರಿಗೆ ತಿಳಿಸಬೇಕು. ಈ ಕಲಮನ್ನು ದವಾಖಾನೆಯ ನೋಟಿಸ್ ಬೋರ್ಡಿನ ತನಕ ತಂದರೆ ಅರ್ಧ ಕೆಲಸ ಆದಂತೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಇದು: ಕೇಳಿದರೆ ಯಾವ ಊರೂ ಬಿಟ್ಟುಕೊಡುವುದಿಲ್ಲ, ಎಲ್ಲರೂ ‘ನಮ್ಮೂರಿಗೇ ಬೇಕು’ ಎನ್ನುತ್ತಾರೆ, ಬೈಲಹೊಂಗಲದಿಂದ ಬೇರ್ಪಟ್ಟ ಕಿತ್ತೂರು, ಸವದತ್ತಿಯಿಂದ ಬೇರ್ಪಟ್ಟ ಯರಗಟ್ಟಿ, ತಾಲೂಕು ಎನಿಸಿಕೊಂಡ ಮೇಲೆ ತಮಗೂ ಪೂರ್ಣ ಆಸ್ಪತ್ರೆ ಬೇಡವೇ ಎಂದು ಕೇಳುತ್ತವೆ. ಹೌದು, ಬರೀ ‘ಬೇಕೋ ಬೇಡವೋ’ ಎಂದು ಕೇಳಿದರೆ ಬರುವ ಉತ್ತರ ಅದೇ. ಆದರೆ ಅದು ಪ್ರಶ್ನೆಯ ದೋಷ. ಇಂಗ್ಲೆಂಡಿನಲ್ಲಿ 1985ರ ಗನ್ನಿಂಗ್ ಪ್ರಕರಣ, ಅದು ಶಾಲೆಗಳನ್ನು ಮುಚ್ಚುವ ಕುರಿತದ್ದು, ಸಮಾಲೋಚನೆಗೆ ನಾಲ್ಕು ಅಳತೆಗಳನ್ನು ಹಾಕಿಕೊಟ್ಟಿತು. ನಿರ್ಧಾರ ಇನ್ನೂ ಹಸಿಯಿರುವಾಗ ಕೇಳಬೇಕು, ತೂಗಿ ನೋಡುವಷ್ಟು ಕಾರಣಗಳನ್ನು ಕೊಡಬೇಕು, ಸಾಕಷ್ಟು ಸಮಯ ಕೊಡಬೇಕು, ಬಂದ ಅಭಿಪ್ರಾಯವನ್ನು ಮನಸ್ಸಿಟ್ಟು ಪರಿಗಣಿಸಬೇಕು. ಅಲ್ಲಿಯ ಸಣ್ಣ ಊರುಗಳ ಆಸ್ಪತ್ರೆ ಬದಲಾವಣೆಗಳನ್ನೂ ನ್ಯಾಯಾಲಯಗಳು ಇದೇ ತಕ್ಕಡಿಯಲ್ಲಿ ತೂಗುತ್ತವೆ. ಒಪ್ಪಿಗೆ ಪಡೆಯಲೇಬೇಕೆಂದು ಇದರಲ್ಲೆಲ್ಲೂ ಇಲ್ಲ, ಕೊನೆಯ ಮಾತು ಆಡಳಿತದ್ದೇ. ಇರುವ ಇಬ್ಬರು ಅರಿವಳಿಕೆ ವೈದ್ಯರಲ್ಲಿ ನಾಲ್ಕು ಊರುಗಳಿಗೆ ರಾತ್ರಿಯ ಸೇವೆ ಹೇಗೆ ಹೊಂದಿಸೋಣ, ಇವು ಮೂರು ದಾರಿ, ಒಂದೊಂದರಿಂದ ಇಂಥ ಊರುಗಳಿಗೆ ಇಷ್ಟು ದೂರ ಹೆಚ್ಚುತ್ತದೆ ಎಂದು ಮುಂದಿಟ್ಟರೆ, ವಾದ ಅಭಿಮಾನದಿಂದ ಇಳಿದು ಬಸ್ಸಿನ ವೇಳೆಗೆ ಬರುತ್ತದೆ. ಕೊರತೆಯನ್ನು ಬಚ್ಚಿಟ್ಟು ಜನ ಹಟಮಾರಿಗಳೆಂದು ದೂರುವುದು ನ್ಯಾಯವಲ್ಲ.

ಕೂಗುವವರ ದನಿಯಷ್ಟೇ ಕೇಳಿಸುತ್ತದೆ ಎಂಬ ಆಕ್ಷೇಪಣೆ ನನಗೆ ಹೆಚ್ಚು ನಿಜವೆನಿಸುತ್ತದೆ. ತಾಲೂಕು ಕಚೇರಿಯ ಸಭಾಭವನದಲ್ಲಿ ಮೈಕು ಹಿಡಿಯುವವರು ಯಾರೆಂದು ಎಲ್ಲರಿಗೂ ಗೊತ್ತು. ಏಳು ತಿಂಗಳ ಬಸುರಿ ಅಲ್ಲಿಗೆ ಬರುವುದಿಲ್ಲ, ಕಬ್ಬು ಕಡಿಯುವ ಗ್ಯಾಂಗಿನವಳು ಬಂದರೆ ಆ ದಿನದ ಕೂಲಿ ಹೋಗುತ್ತದೆ. ಅದಕ್ಕೇ ಒಂದೇ ದೊಡ್ಡ ಸಭೆಯನ್ನು ನೆಚ್ಚುವಂತಿಲ್ಲ. ಪಂಚಾಯತ್ ಕಾಯ್ದೆಯ ವಾರ್ಡ್ ಸಭೆ, ಅಂಗನವಾಡಿಯಲ್ಲಿ ಚುಚ್ಚುಮದ್ದಿನ ದಿನ ಕೂಡುವ ತಾಯಂದಿರು, ಸ್ವಸಹಾಯ ಸಂಘ, ಇವು ಆಗಲೇ ಇರುವ ಜಗಲಿಗಳು. ಅಲ್ಲಿ ಆಶಾ ಕಾರ್ಯಕರ್ತೆಯೊಬ್ಬಳು ಕಳೆದ ವರ್ಷ ಯಾರು ಎಲ್ಲಿ ಹೆತ್ತರು, ಏಕೆ ಅಲ್ಲಿಗೇ ಹೋದರು ಎಂದು ಕೇಳಿ ಬರೆದರೆ ಭಾಷಣವಿಲ್ಲದೆಯೇ ಸಮಾಲೋಚನೆ ನಡೆದಂತಾಯಿತು. 2007ರಲ್ಲಿ ಸಮುದಾಯ ನಿಗಾವಣೆಯ ಮೊದಲ ಪ್ರಯೋಗಕ್ಕೆ ಆರಿಸಿದ ಒಂಬತ್ತು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಜನಸಂವಾದ ನಡೆಸುವುದು ನಮ್ಮ ಇಲಾಖೆಗೆ ಅಪರಿಚಿತ ವಿದ್ಯೆಯೇನಲ್ಲ. ಕೇರಳದಲ್ಲಿ 1990ರ ದಶಕದಲ್ಲೇ ಆಸ್ಪತ್ರೆಗಳ ಮೇಲುಸ್ತುವಾರಿ ಸ್ಥಳೀಯ ಸಂಸ್ಥೆಗಳಿಗೆ ಹೋಯಿತು. ಅಲ್ಲಿಯ ಸರಕಾರಿ ಆಸ್ಪತ್ರೆಗಳು ಅದರಿಂದ ಮುಳುಗಲಿಲ್ಲ.

ತಡವಾಗುತ್ತದೆ ಎಂಬ ಮಾತಿಗೆ ಉತ್ತರ ಚಿಕ್ಕದು. ವೈದ್ಯೆಯೊಬ್ಬರು ದಿಢೀರನೆ ರಜೆ ಹೋದಾಗ ತಾತ್ಕಾಲಿಕ ವ್ಯವಸ್ಥೆ ಮಾಡಲು ಯಾರ ಅಹವಾಲೂ ಬೇಡ. ಮೂರು ತಿಂಗಳು ಮೀರಿ ನಿಲ್ಲುವ ಬದಲಾವಣೆಗಷ್ಟೇ 30 ದಿನಗಳ ಪ್ರಕಟಣೆ ಇರಲಿ. ವರ್ಷಗಟ್ಟಲೆ ಖಾಲಿ ಬಿದ್ದಿರುವ ಹುದ್ದೆಗಳ ಮುಂದೆ ಒಂದು ತಿಂಗಳು ದೊಡ್ಡದಲ್ಲ. ಆ ಪ್ರಕಟಣೆಯಲ್ಲಿ ಯಾವ ಸೇವೆ, ಯಾವ ಊರಿಗೆ, ಯಾವ ತಾರೀಖಿನಿಂದ, ಅಲ್ಲಿಗೆ ಹೋಗಲು ರಾತ್ರಿ ಯಾವ ಬಸ್ಸು, ನದಿ ತುಂಬಿದರೆ ಯಾವ ದಾರಿ ಎಂಬುದು ಅಚ್ಚಾಗಲಿ. ಪಂಚಾಯತಿಯ ಗೋಡೆಗೆ ಅಂಟಿಸುವುದರ ಜೊತೆಗೆ ಸಂತೆಯ ದಿನ ಡಂಗುರವನ್ನೂ ಸಾರಲಿ. ಸಭೆಯ ದಿನವನ್ನು ಗೊತ್ತು ಮಾಡುವಾಗ ಸವದತ್ತಿಯಲ್ಲಿ ಹುಣ್ಣಿಮೆಯ ವಾರ ಬಿಡಬೇಕು, ಬೈಲಹೊಂಗಲದಲ್ಲಿ ಕಬ್ಬಿನ ಹಂಗಾಮು ಬಿಡಬೇಕು, ರಾಮದುರ್ಗದಲ್ಲಿ ನೇಕಾರರ ವಾರದ ಲೆಕ್ಕದ ದಿನ ಯಾವುದೆಂದು ಮೊದಲು ವಿಚಾರಿಸಿಕೊಳ್ಳಬೇಕು, ಕಿತ್ತೂರಿನಲ್ಲಿ ಅಕ್ಟೋಬರಿನ ಉತ್ಸವದ ಗದ್ದಲ ಮುಗಿದಿರಬೇಕು. ಹೇಳಿದ ಮಾತುಗಳಲ್ಲಿ ಯಾವುದನ್ನು ಒಪ್ಪಲಾಯಿತು, ಯಾವುದನ್ನು ಏಕೆ ಬಿಡಲಾಯಿತು ಎಂಬ ಉತ್ತರವೂ ಅದೇ ಗೋಡೆಯ ಮೇಲೆ, ಅದೇ ಅಳತೆಯ ಅಕ್ಷರದಲ್ಲಿ ಬರಬೇಕು.