ನೊಂದವರ ಮನೆಯ ಕಿಟಕಿ

ರೋಗವನ್ನು ಗುಣಪಡಿಸುವುದು ವೈದ್ಯವೃತ್ತಿಯ ಗುರಿ. ಆದರೆ ಗುಣವಾಗದ ರೋಗಗಳೂ ಉಂಟು. ಅಂತಹ ರೋಗಿಯ ಮುಂದೆ ‘ಇನ್ನು ಮಾಡುವುದಕ್ಕೆ ಏನೂ ಉಳಿದಿಲ್ಲ’ ಎಂದು ಕೈಚೆಲ್ಲುವುದು ಒಂದು ಕಾಲದಲ್ಲಿ ಆಸ್ಪತ್ರೆಗಳ ವಾಡಿಕೆಯಾಗಿತ್ತು. ಆ ಮಾತು ಸತ್ಯವಲ್ಲವೆಂದು ತಮ್ಮ ಬಾಳಿನಿಂದ ತೋರಿಸಿಕೊಟ್ಟವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್.

1918ರಲ್ಲಿ ಜನಿಸಿದ ಸಿಸಿಲಿ ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಎರಡನೆಯ ಮಹಾಯುದ್ಧ ಆರಂಭವಾಯಿತು. ಓದನ್ನು ನಿಲ್ಲಿಸಿ, 1940ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ದಾದಿಯರ ಶಾಲೆಗೆ ಸೇರಿದರು. ಅದು ಫ್ಲಾರೆನ್ಸ್ ನೈಟಿಂಗೇಲ್ ಸ್ಥಾಪಿಸಿದ ಶಾಲೆ. ತರಬೇತಿಯೇನೋ ಮುಗಿಯಿತು, ಆದರೆ ಬೆನ್ನಿನ ಬೇನೆಯಿಂದಾಗಿ ದಾದಿಯ ದುಡಿಮೆ ಆಕೆಗೆ ಅಸಾಧ್ಯವಾಯಿತು. ಸಿಸಿಲಿ ಎದೆಗುಂದಲಿಲ್ಲ. ರೋಗಿಗಳ ಸಂಸಾರದ ಕಷ್ಟಸುಖಗಳನ್ನು ವಿಚಾರಿಸುವ ಆಸ್ಪತ್ರೆಯ ಸಮಾಜಸೇವಕಿಯಾದರು.

1947ರಲ್ಲಿ ಡೇವಿಡ್ ಟಾಸ್ಮಾ ಎಂಬ ಪೋಲೆಂಡಿನ ರೋಗಿಯ ಪರಿಚಯವಾಯಿತು. ಪರದೇಶದಲ್ಲಿ ಒಂಟಿಯಾಗಿ, ಕ್ಯಾನ್ಸರಿನಿಂದ ಆತ ಸಾವಿನ ಹೊಸ್ತಿಲಲ್ಲಿದ್ದರು. ಅಂಥವರಿಗಾಗಿ ಒಂದು ಮನೆ ಇರಬೇಕೆಂದು ಇಬ್ಬರೂ ಮಾತನಾಡಿಕೊಂಡರು. ಆ ಮನೆಯಲ್ಲಿ ತಾನೊಂದು ಕಿಟಕಿಯಾಗಿರುವೆನೆಂದು ಹೇಳಿ, ಆತ 500 ಪೌಂಡುಗಳನ್ನು ಸಿಸಿಲಿಗೆ ಬಿಟ್ಟು 1948ರಲ್ಲಿ ಕಣ್ಮುಚ್ಚಿದರು.

ಬಳಿಕ ಸೇಂಟ್ ಲ್ಯೂಕ್ಸ್ ಎಂಬಲ್ಲಿ ಸ್ವಯಂಸೇವೆಗೆ ಹೋಗುತ್ತಿದ್ದಾಗ ಸಿಸಿಲಿ ಒಂದು ವಿಶೇಷವನ್ನು ಕಂಡರು. ಬೇರೆಡೆಗಳಲ್ಲಿ ರೋಗಿ ನೋವಿನಿಂದ ಕೂಗಿಕೊಂಡ ಮೇಲೆ ಮದ್ದು ದೊರೆಯುತ್ತಿತ್ತು. ಇಲ್ಲಿಯಾದರೋ ನೋವು ಮರುಕಳಿಸುವ ಮುನ್ನವೇ, ಗೊತ್ತಾದ ವೇಳೆಗೆ ಮಾರ್ಫಿನ್ ಕೊಡುತ್ತಿದ್ದರು. ಇದರಿಂದ ನೋವಿನೊಡನೆ ನೋವಿನ ಭಯವೂ ಅಡಗುತ್ತಿತ್ತು. ಇದನ್ನು ಎಲ್ಲೆಡೆ ಹರಡಬೇಕೆಂದರೆ ವೈದ್ಯರು ಆಕೆಯ ಮಾತಿಗೆ ಕಿವಿಗೊಡಬೇಕಷ್ಟೆ? ಅದಕ್ಕೆ ತಾವೇ ವೈದ್ಯೆಯಾಗಬೇಕೆಂದು ಶಸ್ತ್ರವೈದ್ಯರೊಬ್ಬರು ಸಲಹೆಯಿತ್ತರು. 1951ರಲ್ಲಿ ವೈದ್ಯಕೀಯ ವಿದ್ಯಾರ್ಥಿನಿಯಾದ ಸಿಸಿಲಿ 1957ರಲ್ಲಿ ವೈದ್ಯೆಯಾದರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆಶ್ರಯಧಾಮವನ್ನು ತೆರೆದರು. ಟಾಸ್ಮಾರ ಕಿಟಕಿಯೂ ಅಲ್ಲಿ ಮೂಡಿತು.

ನೋವು ದೇಹಕ್ಕೆ ಮಾತ್ರ ಸೇರಿದ್ದಲ್ಲ. ಮನಸ್ಸಿನ ಕಳವಳ, ಸಂಸಾರದ ಚಿಂತೆ, ಬಾಳಿನ ಅರ್ಥದ ಪ್ರಶ್ನೆ ಇವೆಲ್ಲವೂ ಅದರಲ್ಲಿ ಬೆರೆತಿರುತ್ತವೆ ಎಂಬುದು ಆಕೆಯ ಮುಖ್ಯ ಬೋಧೆ. ಈ ಬಗೆಯ ಶುಶ್ರೂಷೆಗೆ ಉಪಶಾಮಕ ಆರೈಕೆ ಎಂದು ಹೆಸರು. ಇದರ ಭಾರವನ್ನು ಬಹುಮಟ್ಟಿಗೆ ಹೊರುವವರು ದಾದಿಯರೇ. ನೋವು ಎಷ್ಟಿದೆಯೆಂದು ರೋಗಿಯನ್ನೇ ಕೇಳಿ, ಅವನ ಮಾತನ್ನು ನಂಬುವುದು ಅವರ ಮೊದಲ ಪಾಠ. ಹುಣ್ಣನ್ನು ತೊಳೆದು ಕಟ್ಟುವುದು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಒಣಗಿದ ತುಟಿಯನ್ನು ತೇವಗೊಳಿಸುವುದು, ಮನೆಯವರಿಗೆ ಇವನ್ನೆಲ್ಲ ಕಲಿಸಿಕೊಡುವುದು ಅವರ ನಿತ್ಯದ ಕಾಯಕ.

ಈ ಸೇವಾಪದ್ಧತಿ ನಮ್ಮ ದೇಶಕ್ಕೂ ಬಂದಿತು. 1986ರಲ್ಲಿ ಮುಂಬಯಿಯಲ್ಲಿ ಶಾಂತಿ ಅವೇದನಾ ಸದನವೂ 1999ರಲ್ಲಿ ಬೆಂಗಳೂರಿನಲ್ಲಿ ಕರುಣಾಶ್ರಯವೂ ಬಾಗಿಲು ತೆರೆದವು.

ಸಿಸಿಲಿ 2005ರಲ್ಲಿ, ತಾವು ಕಟ್ಟಿದ ಧಾಮದಲ್ಲಿಯೇ ಕೊನೆಯುಸಿರೆಳೆದರು. ಸಾವನ್ನು ತಡೆಯುವ ಶಕ್ತಿ ಮನುಷ್ಯನಿಗಿಲ್ಲ. ಆದರೆ ಸಾಯುವವನು ನರಳದಂತೆ, ಒಂಟಿಯಾಗದಂತೆ ನೋಡಿಕೊಳ್ಳುವ ಶಕ್ತಿ ಇದೆ. ಆ ಶಕ್ತಿಯನ್ನು ಕಲಿತು ಬಳಸುವ ದಾದಿಯ ವೃತ್ತಿ ಯಾವ ವೃತ್ತಿಗೂ ಕಡಿಮೆಯಾದುದಲ್ಲ.